ವರ್ಷ ತುಂಬುವವರೆಗೆ ಊದಬಾರದೇ?

ಮನೆಯಲ್ಲಿ ಸಾವಾದರೆ ನಮ್ಮ ಕಡೆ ಮೊದಲು ಮೂಲೆ ಸೇರುವುದು ವಾದ್ಯ. ಕೂಡ್ಲಿಗಿಯಿರಲಿ, ಹಡಗಲಿಯಿರಲಿ, ಹರಪನಹಳ್ಳಿಯಿರಲಿ, ಹವ್ಯಾಸಕ್ಕೆಂದು ಬ್ಯಾಂಡ್‌ನಲ್ಲಿ ಊದುತ್ತಿದ್ದ ಹುಡುಗ ಅಪ್ಪನನ್ನೋ ಅಣ್ಣನನ್ನೋ ಕಳೆದುಕೊಂಡರೆ ಅವನ ಟ್ರಂಪೆಟ್ ಅಟ್ಟಕ್ಕೆ ಹೋಗುತ್ತದೆ. ಕೆಳಗಿಳಿಸಿದರೆ ಮಾತು ಶುರು: ‘ಇನ್ನೂ ವರ್ಷ ತುಂಬಿಲ್ಲ, ಆಗ್ಲೇ ಊದಾಕ ಹೊಂಟಾನ ನೋಡು!’

ವಾದ್ಯ ಎಂದರೆ ಸಂಭ್ರಮ, ಸಂಭ್ರಮಪಟ್ಟರೆ ಸತ್ತವರನ್ನು ಮರೆತಂತೆ ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ಆದರೆ ನಮ್ಮ ಊರುಗಳ ರೂಢಿಯೇ ಇದನ್ನು ಒಪ್ಪುವುದಿಲ್ಲ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಸಮಾಳ, ನಂದಿಕೋಲು ಬರುವಂತೆಯೇ ಸಾವಿನ ಮನೆಗೆ ಹಲಗೆ ಬರುತ್ತದೆ, ಭಜನೆಯವರು ಬರುತ್ತಾರೆ. ಬೆಳಗಿನವರೆಗೂ ಹಾರ್ಮೋನಿಯಂ, ತಬಲಾ, ತಾಳದ ಸದ್ದು ನಿಲ್ಲುವುದಿಲ್ಲ. ಅಂದು ಅಂಗಳದಲ್ಲಿ ಬೇಕಾಗಿದ್ದ ನಾದ ಮೂರು ತಿಂಗಳ ನಂತರ ಅಪಚಾರ ಹೇಗಾದೀತು?

ಬ್ಯಾಂಡನ್ನೇ ನಂಬಿ ಬದುಕುವವರನ್ನು ನೋಡಿ. ಮದುವೆ ಸೀಜನ್ ಯಾರ ದುಃಖಕ್ಕೂ ಕಾಯುವುದಿಲ್ಲ. ತಮ್ಮ ಮನೆಯ ತಿಥಿ ಮುಗಿಸಿ ಬಂದು ಇನ್ನೊಬ್ಬರ ಮೆರವಣಿಗೆಯ ಮುಂದೆ ನಿಲ್ಲುತ್ತಾರೆ. ಅವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಹೊಟ್ಟೆಪಾಡಿಗೆ ಊದಿದರೆ ತಪ್ಪಲ್ಲ, ಮನಸ್ಸಿನ ಸಮಾಧಾನಕ್ಕೆ ಊದಿದರೆ ತಪ್ಪೇ?

ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರ ಬದುಕೂ ಇದಕ್ಕೆ ಉತ್ತರ ಹೇಳುತ್ತದೆ. ಗುರು ಕಾಳವ್ವ ಜೋಗತಿ ತೀರಿಕೊಂಡ ಮೇಲೆ ಅವರು ತಂಡವನ್ನು ಚದುರಲು ಬಿಡಲಿಲ್ಲ. ತಾವೇ ಮುನ್ನಡೆಸಿ ಜೋಗತಿ ನೃತ್ಯವನ್ನು ನಾಡಿನ ಮುಂದಿಟ್ಟರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಲಿಸಿದವರು ಹೋದ ಮೇಲೂ ಕಲಿತದ್ದನ್ನು ಆಡುತ್ತಿರುವುದಕ್ಕಿಂತ ದೊಡ್ಡ ಗೌರವ ಯಾವುದಿದೆ?

ಅಪ್ಪ ಹೋದ ಮೇಲೆ ನಾನೂ 10 ತಿಂಗಳು ಊದಿರಲಿಲ್ಲ. ಮತ್ತೆ ಹಿಡಿದಾಗ ಸ್ವರವೇ ನಿಲ್ಲಲಿಲ್ಲ. ಹಿತ್ತಾಳೆ ವಾದ್ಯದಲ್ಲಿ ನಾದ ಹುಟ್ಟುವುದು ತುಟಿಗಳ ಕಂಪನದಿಂದ. ಅಭ್ಯಾಸ ಬಿಟ್ಟರೆ ತುಟಿಯ ಸುತ್ತಲಿನ ಸ್ನಾಯುಗಳು ಬೇಗ ಬಿಗಿ ಕಳೆದುಕೊಳ್ಳುತ್ತವೆ. ದಿನಕ್ಕೆ 10 ನಿಮಿಷ, ಕೆಳಗಿನ ಒಂದೇ ಸ್ವರವನ್ನು ಉಸಿರಿರುವಷ್ಟು ಹೊತ್ತು ಹಿಡಿಯುವುದರಿಂದ ಆರಂಭಿಸಿದೆ. ಅದಕ್ಕೆ ಹೊಟ್ಟೆಯಿಂದ ಆಳವಾಗಿ ಉಸಿರೆಳೆಯಲೇಬೇಕು. ಎಷ್ಟೋ ದಿನಗಳಿಂದ ನಾನು ಹಾಗೆ ಉಸಿರಾಡಿರಲೇ ಇಲ್ಲ ಎಂಬುದು ತಿಳಿದದ್ದು ಆಗಲೇ.

ತಂಡದ ಗೆಳೆಯರು, ‘ಹಾಡಿನ ಧಾಟಿ ನಾವು ನೋಡ್ಕೋತೀವಿ, ನೀನು ಜೋಡಿ ಊದು ಸಾಕು’ ಎಂದರು. ಮನೆಗೆ ಬಂದ ನೆಂಟರೆಲ್ಲ ‘ಹೆಂಗದಿಯಪ್ಪಾ’ ಎಂದು ಕೇಳುತ್ತಿದ್ದರು, ಪ್ರತಿ ಸಲವೂ ಉತ್ತರ ಹುಡುಕಬೇಕಿತ್ತು. ಬ್ಯಾಂಡ್‌ನಲ್ಲಿ ಯಾರೂ ಕೇಳಲಿಲ್ಲ. ಡ್ರಮ್ ಲೆಕ್ಕ ಕೊಟ್ಟಿತು, ಎಲ್ಲರ ಜೊತೆ ಊದಿದೆ. ದುಃಖ ಹೋಗಲಿಲ್ಲ, ಆದರೆ ಅದರೊಡನೆ ಒಬ್ಬನೇ ಕೂರುವುದು ತಪ್ಪಿತು.

ನಿಮ್ಮ ಗೆಳೆಯನೊಬ್ಬ ಹೀಗೆ ಮನೆ ಹಿಡಿದಿದ್ದರೆ ಅವನನ್ನು ಕಾರ್ಯಕ್ರಮಕ್ಕೆ ಕರೆಯಬೇಡಿ, ಸಂಜೆಯ ಅಭ್ಯಾಸಕ್ಕೆ ಕರೆಯಿರಿ. ಬರದಿದ್ದರೆ ಮುಂದಿನ ವಾರ ಮತ್ತೆ ಕರೆಯಿರಿ, ಅಲ್ಲಿಯವರೆಗೆ ಅವನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಬೇಡಿ. ಹಿರಿಯರಲ್ಲಿ ಒಂದೇ ವಿನಂತಿ: ಅವನು ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ವರ್ಷದ ಲೆಕ್ಕ ಕೇಳಬೇಡಿ.