ವೆಬ್‌ಸೈಟ್ ನಮ್ಮದು ಅಂತೀವಿ, ಪಹಣಿ ಯಾರ ಹೆಸರಲ್ಲಿದೆ?



ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಸಂಘಟನೆಗಳ ಸಭೆಗಳಲ್ಲಿ ಈಗೀಗ ಒಂದು ಮಾತು ಪದೇಪದೇ ಬರ್ತಿದೆ: ‘ನಮಗೂ ಒಂದು ವೆಬ್‌ಸೈಟ್ ಬೇಕು.’ ಬೇಕು, ನನ್ನದು ಅದಕ್ಕೆ ಪೂರ್ತಿ ಒಪ್ಪಿಗೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ: ‘ನಮ್ಮ ಹುಡುಗ ಒಬ್ಬ ಕಂಪ್ಯೂಟರ್ ಓದವ್ನೆ, ಫ್ರೀಯಾಗಿ ಮಾಡಿಕೊಡ್ತಾನೆ ಬಿಡಿ.’ ನನ್ನ ತಕರಾರು ಇರೋದು ಈ ಎರಡನೇ ಮಾತಿನ ಮೇಲೆ.

ಮೊದಲು, ವೆಬ್‌ಸೈಟ್ ಯಾಕೆ ಬೇಕು ಅನ್ನೋದು. ಮಿಡಿಗೇಶಿ ಅಂತ ಗೂಗಲ್‌ನಲ್ಲಿ ಹುಡುಕಿ ನೋಡಿ. ಕೋಟೆ ಬರುತ್ತೆ, ಬೆಟ್ಟ ಬರುತ್ತೆ, ಟ್ರೆಕ್ಕಿಂಗ್ ಫೋಟೋ ಬರುತ್ತೆ. ನಮ್ಮ ಕೇರಿಗಳು, ನಮ್ಮ ಸ್ಮಶಾನದ ಜಾಗದ ಹೋರಾಟಗಳು, ನಾವು ಕೊಟ್ಟ ಮನವಿಗಳು ಎಲ್ಲೂ ಸಿಗಲ್ಲ. ಫೇಸ್‌ಬುಕ್‌ನಲ್ಲಿ ಹಾಕಿದ್ದೀವಲ್ಲ ಅಂತೀರಿ. ನಾನೂ ಇಲ್ಲೇ ಬರೀತಿದೀನಿ. ಆದರೆ ಇದು ಬಾಡಿಗೆ ಮನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಅದರ ಮುಂದಿನ ತಿಂಗಳ ಕೊನೆಗೆ ಆರ್ಕುಟ್ ಮುಚ್ಚಿತು. ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ 2019ರಲ್ಲಿ ಗೂಗಲ್ ಪ್ಲಸ್ಸೂ ಮುಚ್ಚಿ ಹೋಗಿತ್ತು. ನಮ್ಮ ಕೇಸುಗಳು ಹತ್ತು ವರ್ಷ ನಡೀತವೆ. ನಮ್ಮ ದಾಖಲೆಗಳೂ ಅಷ್ಟು ವರ್ಷ ಬದುಕಬೇಕಲ್ವಾ? ಹತ್ತು ವರ್ಷದ ಹಿಂದಿನ ಫೇಸ್‌ಬುಕ್ ಪೋಸ್ಟ್ ಹುಡುಕಿ ವಕೀಲರಿಗೆ ಕೊಡೋದು ಎಷ್ಟು ಕಷ್ಟ ಅಂತ ಹುಡುಕಿದವರಿಗೆ ಗೊತ್ತು.

ಇನ್ನು ‘ಫ್ರೀಯಾಗಿ ಮಾಡ್ತಾನೆ’ ಅನ್ನೋದು. ಹೆಣ ಹೊರೋದು, ತಮಟೆ ಬಡಿಯೋದು, ಸಾವಿನ ಸುದ್ದಿ ಹೊತ್ತುಕೊಂಡು ಊರೂರು ತಿರುಗೋದು, ಇವೆಲ್ಲ ಬಿಟ್ಟಿ ಚಾಕರಿ, ಮಾಡಬೇಡಿ ಅಂತ ನಮಗೆ ಹೇಳಿಕೊಟ್ಟದ್ದೇ ದಲಿತ ಚಳವಳಿ. ಜೀತ ಪದ್ಧತಿ ರದ್ದು ಮಾಡೋ ಕಾಯ್ದೆ 1976ರಲ್ಲೇ ಬಂತು. ಹಾಗಿರುವಾಗ ನಮ್ಮದೇ ಕೇರಿಯ ಹುಡುಗ, ಸಾಲ ಮಾಡಿ ಡಿಪ್ಲೊಮಾನೋ ಬಿಇನೋ ಓದಿದವನು, ರಾತ್ರಿ ನಿದ್ದೆಗೆಟ್ಟು ಮಾಡೋ ಕೆಲಸಕ್ಕೆ ಒಂದು ಶಾಲು, ಒಂದು ಹಾರ ಹಾಕಿ ಕಳಿಸೋದಕ್ಕೆ ಏನಂತೀರಿ? ಶಾಮಿಯಾನದವನಿಗೆ ಕೊಡ್ತೀವಿ, ಮೈಕಿನವನಿಗೆ ಕೊಡ್ತೀವಿ, ಫ್ಲೆಕ್ಸ್‌ನವನಿಗೆ ಅಡ್ವಾನ್ಸೇ ಕೊಡ್ತೀವಿ. ತಲೆ ಖರ್ಚು ಮಾಡಿದವನಿಗೆ ಮಾತ್ರ ‘ಸಮಾಜಕ್ಕಾಗಿ ಮಾಡಪ್ಪ’. ದುಡ್ಡು ಪಡೆಯದೆ ಮಾಡಿದವನನ್ನ ನಾಳೆ ‘ಯಾಕೆ ಸರಿ ಮಾಡಿಲ್ಲ’ ಅಂತ ಕೇಳೋ ಹಕ್ಕೂ ನಮಗಿರಲ್ಲ. ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕ ದಿನ ವೆಬ್‌ಸೈಟ್ ಅನಾಥ.

ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ಶುರು ಮಾಡಿದಾಗ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರು. ದುಡ್ಡು ಕೊಡ್ತೀವಿ ಅಂದರೂ ‘ಕೇಸರಿ’ ಪತ್ರಿಕೆ ‘ಮೂಕನಾಯಕ’ದ ಜಾಹೀರಾತು ಹಾಕಲಿಲ್ಲ. ಆ ಪತ್ರಿಕೆ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೂ ಬಾಬಾಸಾಹೇಬರು ಬಿಡಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’, 1930ರಲ್ಲಿ ‘ಜನತಾ’, ಮುಂದೆ ಸ್ವಂತ ಮುದ್ರಣಾಲಯವನ್ನೂ ಮಾಡಿಕೊಂಡರು. ನಮ್ಮ ಮಾತು ನಮ್ಮದೇ ಯಂತ್ರದಿಂದ ಹೊರಡಬೇಕು, ಅದಕ್ಕೆ ದುಡ್ಡು ಎತ್ತಿಡಬೇಕು ಅನ್ನೋದು ಆಗಲೇ ಕಲಿಸಿದ ಪಾಠ.

ಈಗ ಪಹಣಿ ವಿಷಯಕ್ಕೆ ಬರ್ತೀನಿ. ವೆಬ್‌ಸೈಟ್‌ಗೆ ಒಂದು ವಿಳಾಸ ಇರುತ್ತೆ, ಅದೇ ಡೊಮೇನ್. ಅದನ್ನ ವರ್ಷವರ್ಷ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು. ಪುಟಗಳು ಕೂತಿರೋ ಜಾಗ ಹೋಸ್ಟಿಂಗ್, ಅದಕ್ಕೂ ಬಾಡಿಗೆ. ವೃತ್ತಿಪರರಿಗೆ ಕೆಲಸ ಕೊಟ್ಟಾಗ ಬಹಳ ಸಲ ಅವರು ತಮ್ಮ ಇಮೇಲ್, ತಮ್ಮ ಫೋನ್ ನಂಬರ್ ಹಾಕಿಯೇ ಡೊಮೇನ್ ಕೊಂಡಿರ್ತಾರೆ. ಮೋಸ ಅಂತಲ್ಲ, ಕೆಲಸ ಸಲೀಸು ಅಂತ. ಆದರೆ ಕಾಗದದಲ್ಲಿ ಮಾಲೀಕ ಅವನೇ. ನಮ್ಮ ಜಿಲ್ಲೆಯ ಒಂದು ಸಂಘದ ಗತಿ ಇದೇ ಆಯ್ತು. ಮಾಡಿಕೊಟ್ಟವನು ನಂಬರ್ ಬದಲಾಯಿಸಿದ, ನವೀಕರಣದ ಮೆಸೇಜು ಯಾರಿಗೂ ತಲುಪಲಿಲ್ಲ, ಗಡುವು ಮೀರಿತು. ಈಗ ಆ ಹೆಸರು ಒತ್ತಿದರೆ ಜೂಜಾಟದ ಜಾಹೀರಾತು ಬರುತ್ತೆ.

1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂದದ್ದು ಯಾಕೆ? ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನು ಕಂಡವರ ಪಾಲಾಗ್ತಿತ್ತು ಅಂತ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರೋವರೆಗೆ ಎಷ್ಟೋ ಕುಟುಂಬಗಳು ‘ತಡವಾಗಿ ಬಂದಿರಿ’ ಅನ್ನಿಸಿಕೊಂಡು ವಾಪಸ್ ಬಂದವು. ಡೊಮೇನ್‌ಗೆ ಪಿಟಿಸಿಎಲ್ ಇಲ್ಲ ಸ್ವಾಮಿ. ಗಡುವು ಮುಗಿದು, ಮೇಲಿನ ಕೆಲವು ವಾರಗಳ ರಿಯಾಯ್ತಿಯೂ ಮುಗಿದರೆ, ಯಾರು ಬೇಕಾದರೂ ಕೊಳ್ಳಬಹುದು.

ನಾನು ಕಚೇರಿಯಲ್ಲಿ ಗುಮಾಸ್ತ. ನಮ್ಮಲ್ಲಿ ಯಾರಿಗೇ ವರ್ಗ ಆದರೂ ಚಾರ್ಜ್ ಪಟ್ಟಿ ಬರೆದು, ಬೀರುವಿನ ಕೀ ಸಮೇತ ಒಪ್ಪಿಸಿ, ಸಹಿ ಹಾಕಿಸಿಕೊಂಡೇ ಹೋಗಬೇಕು. ಸಂಘಟನೆಗಳೂ ಅದನ್ನೇ ಮಾಡಲಿ. ಕೆಲಸ ಕೊಡೋ ಮೊದಲು ಒಂದೇ ಒಂದು ಹಾಳೆ ಒಪ್ಪಂದ ಬರೆದುಕೊಳ್ಳಿ:

1. ಡೊಮೇನ್, ಹೋಸ್ಟಿಂಗ್ ಎರಡೂ ಸಂಘದ ಹೆಸರಲ್ಲಿ, ಸಂಘದ ಇಮೇಲ್‌ನಲ್ಲಿ ಇರಬೇಕು. ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳ ಹತ್ತಿರ, ಅದರಲ್ಲಿ ಒಬ್ಬರು ಹೆಣ್ಣುಮಗಳು.

2. ಕಟ್ಟೋದಕ್ಕೆ ಇಷ್ಟು, ವರ್ಷದ ನಿರ್ವಹಣೆಗೆ ಇಷ್ಟು ಅಂತ ಬೇರೆಬೇರೆ ಬರೀಬೇಕು. ನಿರ್ವಹಣೆ ಅಂದರೆ ಸಾಫ್ಟ್‌ವೇರ್ ಅಪ್‌ಡೇಟ್, ಬ್ಯಾಕಪ್, ಕೆಟ್ಟಾಗ ಎಷ್ಟು ದಿನದಲ್ಲಿ ರಿಪೇರಿ, ಎಲ್ಲವೂ ಸೇರಿ.

3. ಮೂರು ತಿಂಗಳಿಗೊಮ್ಮೆ ಎಲ್ಲ ಪುಟಗಳ ಪ್ರತಿ ಸಂಘದ ಹಾರ್ಡ್‌ಡಿಸ್ಕ್‌ಗೆ.

4. ಕನ್ನಡ ಪೂರ್ತಿ ಯೂನಿಕೋಡ್‌ನಲ್ಲಿರಬೇಕು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕರಪತ್ರವನ್ನ ಹಾಗೇ ಹಾಕಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ, ಗೂಗಲ್‌ಗೂ ಸಿಗಲ್ಲ.

5. ಏನು ಹಾಕಬೇಕು, ಏನು ಹಾಕಬಾರದು ಅನ್ನೋದು ಸಂಘದ್ದೇ ತೀರ್ಮಾನ.

ಈ ಐದನೆಯದು ಸಣ್ಣದಲ್ಲ. ದೌರ್ಜನ್ಯ ನಡೆದ ಮನೆಯ ಫೋಟೋ, ಎಫ್‌ಐಆರ್ ಪ್ರತಿ ಎಲ್ಲ ಹಾಗೇ ಏರಿಸಿಬಿಡೋ ಚಟ ನಮ್ಮಲ್ಲೂ ಇದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ; ಮಕ್ಕಳ ವಿಷಯಕ್ಕೆ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. ಕಾನೂನು ಬಿಡಿ, ಸಾಕ್ಷಿ ಹೇಳೋ ಮುದುಕಪ್ಪನ ಊರು, ಫೋನ್ ನಂಬರ್ ನಾವೇ ಹಾಕಿದರೆ ನಾಳೆ ಅವನ ಮನೆ ಮುಂದೆ ಯಾರು ನಿಲ್ತಾರೆ? ಕಂಪ್ಯೂಟರ್ ಗೊತ್ತಿರೋ ಹುಡುಗನಿಗೆ ಇದು ಗೊತ್ತಿರಬೇಕಾಗಿಲ್ಲ. ನಮಗೆ ಗೊತ್ತಿರಬೇಕು.

ನಿರ್ವಹಣೆಗೆ ಯಾಕೆ ದಂಡ ಅನ್ನೋರಿಗೆ ನಮ್ಮ ಊರುಗಳ ಶುದ್ಧ ನೀರಿನ ಘಟಕ ತೋರಿಸ್ತೀನಿ. ಪಾವಗಡ, ಮಧುಗಿರಿ ಸೀಮೆಯ ಫ್ಲೋರೈಡ್ ನೀರಿಗೆ ಅಂತಲೇ ಕಟ್ಟಿದ್ದು. ಉದ್ಘಾಟನೆಗೆ ಬಂದವರು ಎಷ್ಟು ಜನ, ಫಿಲ್ಟರ್ ಬದಲಾಯಿಸೋಕೆ ಬಂದವರು ಎಷ್ಟು ಜನ? ಕೆಟ್ಟು ನಿಂತ ಘಟಕದ ಮುಂದೆ ಖಾಲಿ ಕ್ಯಾನ್ ಹಿಡಿದು ನಿಂತವರಿಗೆ ಗೊತ್ತು, ಕಟ್ಟೋದಕ್ಕಿಂತ ನೋಡಿಕೊಳ್ಳೋದು ದೊಡ್ಡ ಕೆಲಸ ಅಂತ.

ದುಡ್ಡು ಎಲ್ಲಿಂದ ಅಂತೀರಾ? ಡೊಮೇನ್‌ಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ, ಒಂದೂವರೆ ಸಾವಿರದ ಆಸುಪಾಸು. ಸಣ್ಣ ಸೈಟಿನ ಹೋಸ್ಟಿಂಗ್ ಕೆಲವು ಸಾವಿರ. ಅದರ ಮೇಲೆ ನೋಡಿಕೊಳ್ಳೋರ ಕೂಲಿ. ಒಂದು ಸಂಘಕ್ಕೆ ಭಾರ ಆದರೆ ನಾಲ್ಕು ತಾಲ್ಲೂಕಿನ ಸಂಘಗಳು ಸೇರಿ ಒಂದೇ ವೆಬ್‌ಸೈಟ್ ಮಾಡೋಣ. ಬಣ ಬೇರೆ ಇರಲಿ, ಬಾವುಟ ಬೇರೆ ಇರಲಿ, ದಾಖಲೆ ಒಂದೇ ಕಡೆ ಇರಲಿ. ಮುಂದಿನ ಏಪ್ರಿಲ್ 14ಕ್ಕೆ ಎತ್ತೋ ಚಂದಾದಲ್ಲಿ ನಾಲ್ಕು ಫ್ಲೆಕ್ಸ್ ಕಮ್ಮಿ ಮಾಡಿ ಈ ಖಾತೆಗೆ ತೆಗೆದಿಡಿ. ನಮ್ಮ ಕೇರಿಯಲ್ಲೇ ಕೆಲಸ ಗೊತ್ತಿರೋ ಹುಡುಗ ಹುಡುಗಿಯರಿದ್ದರೆ ಮೊದಲು ಅವರಿಗೇ ಕೇಳಿ, ನ್ಯಾಯವಾದ ಕೂಲಿ ಕೊಟ್ಟೇ ಕೇಳಿ.

ಈಗಾಗಲೇ ವೆಬ್‌ಸೈಟ್ ಇರೋ ಸಂಘದವರು ಇವತ್ತು ಒಂದು ಕೆಲಸ ಮಾಡಿ. ಡೊಮೇನ್ ಯಾರ ಇಮೇಲ್‌ನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಕೊಡೋಕೆ ಯಾರಾದರೂ ತಡವರಿಸಿದರೆ, ಮುಂದಿನ ಸಭೆಯ ಮೊದಲನೇ ವಿಷಯ ಅದೇ ಆಗಲಿ.

ಜೈಭೀಮ್.