ಮುಂದಾಳುವೋ, ಹಿಂಬಾಲಕನೋ?

ಪಕ್ಷವೊಂದರ ನೀತಿಯನ್ನು ನಿರ್ಧರಿಸುವವರು ಯಾರು? ವೇದಿಕೆಯ ಮೇಲೆ ಕುಳಿತ ನಾಯಕರೋ, ಕೆಳಗೆ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಕೂಗುವ ಉಗ್ರ ಅನುಯಾಯಿಗಳೋ? ಚುನಾವಣೆ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ನಮ್ಮ ಜಗಲಿಗಳ ಮೇಲೂ ಏಳುತ್ತದೆ. ನಮ್ಮ ಪಕ್ಷಗಳನ್ನೇ ಉದಾಹರಿಸಹೊರಟರೆ ವಿಚಾರ ಹಿಂದಾಗಿ ಜಗಳ ಮುಂದಾದೀತು. ಆದುದರಿಂದ ಈ ಸಲ ಓದುಗ ಬಂಧುಗಳನ್ನು ನಮ್ಮ ಸಂಸದೀಯ ಪದ್ಧತಿಗೆ ಮಾದರಿಯಾದ ಬ್ರಿಟನ್ನಿನತ್ತ ಕರೆದೊಯ್ಯಬಯಸುತ್ತೇವೆ. ಅಲ್ಲಿಯ ಎಡ ಬಲ ಎರಡೂ ಪಕ್ಷಗಳು ಈ ಪ್ರಶ್ನೆಯನ್ನು ಅನುಭವಿಸಿಯೇ ಅರಿತಿವೆ.

ಮೊದಲು ಲೇಬರ್ ಪಕ್ಷ. 1979ರ ಸೋಲಿನ ನಂತರ ಅದರ ತೀವ್ರ ಎಡಪಂಥೀಯ ಕಾರ್ಯಕರ್ತರ ಕೈ ಮೇಲಾಯಿತು. ನಾಯಕನನ್ನು ಆರಿಸುವ ಅಧಿಕಾರ ಅದುವರೆಗೆ ಪಾರ್ಲಿಮೆಂಟ್ ಸದಸ್ಯರಿಗಷ್ಟೇ ಇದ್ದಿತು. 1981ರಲ್ಲಿ ಅದರ ಶೇಕಡಾ 40 ಪಾಲು ಕಾರ್ಮಿಕ ಸಂಘಗಳಿಗೂ 30 ಪಾಲು ಕ್ಷೇತ್ರಗಳ ಪಕ್ಷ ಶಾಖೆಗಳಿಗೂ ಹೋಯಿತು. 1983ರ ಚುನಾವಣೆಗೆ ಅಣ್ವಸ್ತ್ರ ತ್ಯಾಗ, ಯೂರೋಪಿನ ಒಕ್ಕೂಟದಿಂದ ನಿರ್ಗಮನ ಮೊದಲಾದ ವಾಗ್ದಾನಗಳನ್ನು ಹೊತ್ತು ಹೊರಟ ಪಕ್ಷಕ್ಕೆ ದೊರೆತದ್ದು ಶೇಕಡಾ 27.6 ಮತ, 209 ಸ್ಥಾನ. ಕಾರ್ಯಕರ್ತರ ಮನಸ್ಸು ತಣಿಯಿತು. ಮತದಾರನ ಮನಸ್ಸು ಒಲಿಯಲಿಲ್ಲ.

ಇನ್ನು ಕನ್ಸರ್ವೇಟಿವ್ ಪಕ್ಷ. ಪ್ರಧಾನಿ ಡೇವಿಡ್ ಕ್ಯಾಮರನ್ ಸ್ವತಃ ಯೂರೋಪಿನ ಒಕ್ಕೂಟದಲ್ಲಿ ಉಳಿಯಬೇಕೆಂಬವರು. ಆದರೆ ಪಕ್ಷದೊಳಗಿನ ಯೂರೋಪ್ ವಿರೋಧಿಗಳ ಒತ್ತಡ, ಹೊರಗೆ ಅದೇ ಮಾತನ್ನಾಡುತ್ತ ಬೆಳೆಯುತ್ತಿದ್ದ ಹೊಸ ಪಕ್ಷದ ಭಯ ಎರಡೂ ಸೇರಿ, 2013ರ ಜನವರಿಯಲ್ಲಿ ಜನಮತಗಣನೆಯ ವಚನವನ್ನು ಅವರಿಂದ ಪಡೆದವು. 2016ರ ಜೂನ್ 23ರಂದು ಶೇಕಡಾ 51.9 ಮಂದಿ ಹೊರಬರುವುದೇ ಸರಿಯೆಂದರು. ಮರುದಿನವೇ ಕ್ಯಾಮರನ್ ರಾಜೀನಾಮೆ ಸಾರಿದರು. 2022ರಲ್ಲಿ ಇದಕ್ಕಿಂತ ಸೋಜಿಗದ ಪ್ರಸಂಗ ನಡೆಯಿತು. ಪಾರ್ಲಿಮೆಂಟ್ ಸದಸ್ಯರ ಎಲ್ಲ ಸುತ್ತುಗಳಲ್ಲೂ ಮುಂದಿದ್ದವರು ರಿಷಿ ಸುನಕ್. ಪಕ್ಷದ ಸದಸ್ಯರು 81,326 ಮತಗಳಿಂದ ಲಿಜ್ ಟ್ರಸ್ ಅವರನ್ನು ಆರಿಸಿದರು. ಸುನಕರಿಗೆ ಬಂದದ್ದು 60,399. ಕೋಟಿಗಟ್ಟಲೆ ಮತದಾರರ ದೇಶಕ್ಕೆ ಪ್ರಧಾನಿಯನ್ನು ಕೊಟ್ಟವರು ಒಂದೂವರೆ ಲಕ್ಷಕ್ಕೂ ಕಡಿಮೆ ಮಂದಿ! ಆ ಸದಸ್ಯರಿಗೆ ಪ್ರಿಯವಾಗಿದ್ದ ಭಾರೀ ತೆರಿಗೆ ಕಡಿತವನ್ನು ಟ್ರಸ್ ಸರ್ಕಾರ ಸೆಪ್ಟೆಂಬರ್ 23ರಂದು ಸಾರಿತು. ಪೌಂಡಿನ ಬೆಲೆ ಕುಸಿಯಿತು, ಸಾಲದ ಬಡ್ಡಿ ಏರಿತು. ಅಕ್ಟೋಬರ್ 20ಕ್ಕೆ ಅವರೂ ನಿರ್ಗಮನ ಸಾರಿದರು.

ಹಾಗಾದರೆ ಉಗ್ರರು ಯಾವಾಗಲೂ ಕೆಡುಕನ್ನೇ ತರುವರೇ? ಹಾಗೆನ್ನುವುದು ನ್ಯಾಯವಲ್ಲ. ಮಳೆಯಲ್ಲಿ ಮನೆಮನೆ ಸುತ್ತುವವರು, ಗೋಡೆಗೆ ಭಿತ್ತಿಪತ್ರ ಅಂಟಿಸುವವರು ಅವರೇ. ಯೂರೋಪಿನ ವಿಷಯದಲ್ಲಿ ಕೆಲವರ ಹಟವೆಂದು ತಿಳಿದಿದ್ದ ಮಾತಿಗೆ ದೇಶದ ಬಹುಮತವೇ ಬಂದುದನ್ನೂ ಮರೆಯಲಾಗದು. ಆದರೆ ತೇರನ್ನೆಳೆಯುವ ನೂರಾರು ಕೈಗಳು ಎಷ್ಟು ಅಗತ್ಯವೋ, ಗಾಲಿಗೆ ಮರದ ತುಂಡು ಕೊಟ್ಟು ದಿಕ್ಕು ತಿದ್ದುವವನೂ ಅಷ್ಟೇ ಅಗತ್ಯ. ಲೇಬರ್ ಪಕ್ಷದ ನೀಲ್ ಕಿನಕ್ 1985ರ ಅಧಿವೇಶನದಲ್ಲಿ ತಮ್ಮವರೇ ಆದ ಉಗ್ರರನ್ನು ಎದುರೆದುರೇ ಖಂಡಿಸಿದರು. ಅದರ ಫಲ ಅವರಿಗೆ ದೊರೆಯಲಿಲ್ಲ. ಪಕ್ಷಕ್ಕೆ 1997ರಲ್ಲಿ ದೊರೆಯಿತು.

ನಾಯಕನ ಕುರ್ಚಿ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಆತ ಕಿವಿಗೊಡುತ್ತಾನೆ. ಇದೇ ಇದರ ತಿರುಳು. ನಮ್ಮ ದೇಶದಲ್ಲಿ ಉಮೇದುವಾರಿಕೆಯನ್ನು ಕೊಡುವವರು ಬಹುಮಟ್ಟಿಗೆ ಪಕ್ಷದ ವರಿಷ್ಠರು. 1985ರ ಪಕ್ಷಾಂತರ ನಿಷೇಧದ ತಿದ್ದುಪಡಿ ಅವರ ಹಿಡಿತವನ್ನು ಇನ್ನೂ ಬಿಗಿಮಾಡಿತು. ಆದರೂ ವರಿಷ್ಠರು ಬೀದಿಯ ಕೂಗಿಗೆ ಹೊರತಲ್ಲ.

ಗಡಿಯಲ್ಲಿರುವ ನಮಗೆ ಇದು ದೂರದ ಮಾತಲ್ಲ. 1967ರ ಮಹಾಜನ್ ಆಯೋಗದ ವರದಿಯಂತೆ ನಡೆದಿದ್ದರೆ ಮೈಸೂರು ನಿಪ್ಪಾಣಿಯನ್ನೂ ಮಹಾರಾಷ್ಟ್ರ ಅಕ್ಕಲಕೋಟೆಯನ್ನೂ ಕೇರಳ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಬಿಟ್ಟುಕೊಡಬೇಕಾಗಿತ್ತು. ಮಹಾರಾಷ್ಟ್ರವೂ ಕೇರಳವೂ ಒಪ್ಪಲಿಲ್ಲ. ವರದಿ ಕಾರ್ಯರೂಪಕ್ಕೆ ಬರಲಿಲ್ಲ. ತನ್ನ ಜನರೆದುರು ನಿಂತು ‘ಇಷ್ಟನ್ನು ಬಿಡೋಣ’ ಎನ್ನುವುದು ಯಾವ ರಾಜ್ಯದ ನಾಯಕನಿಗೂ ಸುಲಭವಲ್ಲ. ಆದರೆ ಗಡಿಯ ಬಗ್ಗೆ ಗರ್ಜಿಸುವವರು ಮನೆಗೆ ಹಿಂದಿರುಗಿದ ಮೇಲೆ ನೆರೆಯವರೊಡನೆ ಬಾಳಬೇಕಾದವರು, ಮಕ್ಕಳಿಗೆ ಕನ್ನಡ ಶಾಲೆ ಉಳಿಸಿಕೊಳ್ಳಬೇಕಾದವರು ನಾವು.

ಆದುದರಿಂದ ನಮ್ಮ ಬಿನ್ನಹ ಇಷ್ಟೇ. ಪಕ್ಷಗಳನ್ನು ದೂರವಿಟ್ಟು ಸಭ್ಯರೆನಿಸಿಕೊಂಡರೆ ಸಾಲದು. ಶಾಂತಚಿತ್ತರು ಸಭೆ ಬಿಟ್ಟೆದ್ದರೆ ಉಳಿಯುವುದು ಕೂಗುವವರ ಕೊರಳೊಂದೇ. ಯಾವ ಪಕ್ಷದಲ್ಲೇ ಇರಲಿ, ಸದಸ್ಯರಾಗಿ ಸಭೆಗೆ ಹೋಗಿ, ಕೊನೆಯವರೆಗೂ ಕುಳಿತು, ಮೆಲುದನಿಯಲ್ಲಾದರೂ ನಮ್ಮ ಮಾತನ್ನು ಆಡಿಯೇ ಬರೋಣ.