ಕೊರಳಿಗೆ ಹೊಸ ತಂತಿ ಕಟ್ಟಲಾಗದು

ಕಾರ್ತಿಕ ಸೋಮವಾರದಂದು ತಲಕಾಡಿನಲ್ಲಿ ವೈದ್ಯನಾಥೇಶ್ವರನ ದರ್ಶನ ಮುಗಿಸಿ ಹೊರಬರುತ್ತಿದ್ದಾಗ, ಪರಿಚಯದ ತಾಯಿಯೊಬ್ಬರು ತಮ್ಮ ಮಗಳೊಡನೆ ಎದುರಾದರು. "ಅಕ್ಕಾ, ಎರಡು ತಿಂಗಳಿಂದ ಇವಳ ದನಿ ಒಡೆದುಹೋಗಿದೆ. ಶಿವನ ವಚನವನ್ನೇ ಹಾಡಿದವಳಿಗೆ ಶಿವನೇಕೆ ಹೀಗೆ ಮಾಡಿದ?" ಎಂದು ಕಣ್ಣೀರಿಟ್ಟರು. ಭಜನಾ ತಂಡದಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳ ನಡುವೆ ತನ್ನ ದನಿ ಕೇಳಬೇಕೆಂದು ಆ ಹುಡುಗಿ ಪ್ರತಿ ರಾತ್ರಿ ಕೂಗಿ ಹಾಡಿದ್ದಳು.

ಸಮೀಪದ ತಿರುಮಕೂಡಲಿನವರೇ ಆದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಕಾಲದಲ್ಲಿ ತಮ್ಮ ನಾದ ಸಭೆಯ ಕೊನೆಯವರೆಗೂ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿಕೊಂಡರು. ನಮ್ಮ ಕೊರಳಿಗೆ ಆ ಅನುಕೂಲವಿಲ್ಲ. ಅಲ್ಲಿರುವುದು ಎರಡೇ ಧ್ವನಿತಂತುಗಳು. ಮಾತನಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಕೂಗಿದಾಗ ಅವು ಒಂದಕ್ಕೊಂದು ಬಲವಾಗಿ ಬಡಿದು ಊದಿಕೊಳ್ಳುತ್ತವೆ. ಹಾಗೆಯೇ ಮುಂದುವರಿದರೆ, ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ ಅವುಗಳ ಮೇಲೆ ಸಣ್ಣ ಗಂಟುಗಳೇಳುತ್ತವೆ. ಇದು ಶಿವನ ಮುನಿಸಲ್ಲ. ನಮ್ಮ ಅಜಾಗ್ರತೆಯ ಫಲ.

ಹಾಡುವವರು ಮೊದಲು ತಮ್ಮ ಶ್ರುತಿಯನ್ನು ಅರಿಯಬೇಕು. ತಾರಷಡ್ಜಕ್ಕೆ ಏರುವಾಗ ಗಲ್ಲ ಮೇಲೆದ್ದು ಕುತ್ತಿಗೆಯ ನರ ಉಬ್ಬಿದರೆ, ಶ್ರುತಿಯನ್ನು ಇಳಿಸುವುದೇ ವಿವೇಕ. ಗಂಡಸರಿಗೆ ಒಗ್ಗುವ ಶ್ರುತಿಯನ್ನು ಹೆಂಗಸರ ಮೇಲೆ ಹೇರಬಾರದು. ಬೆನ್ನು ನೆಟ್ಟಗಿರಿಸಿ, ಹೆಗಲೇರಿಸದೆ, ಹೊಟ್ಟೆ ಮತ್ತು ಕೆಳಪಕ್ಕೆಗಳು ಅರಳುವಂತೆ ಉಸಿರೆಳೆದುಕೊಳ್ಳಬೇಕು. ಅಭ್ಯಾಸವನ್ನು ಮೆಲುದನಿಯ ಷಡ್ಜದಿಂದ ಆರಂಭಿಸಬೇಕು. ದನಿ ಒಡೆಯುವ ವಯಸ್ಸಿನ ಗಂಡುಮಕ್ಕಳನ್ನು ಹೆಚ್ಚಿನ ಸ್ಥಾಯಿಗೆ ಒತ್ತಾಯಿಸಬಾರದು.

ಆಗಾಗ ನೀರು ಕುಡಿಯಿರಿ. ಪದೇ ಪದೇ ಗಂಟಲು ಕೆರೆದುಕೊಳ್ಳಬೇಡಿ. ದನಿ ಕೆಟ್ಟಾಗ ಪಿಸುಮಾತಾಡುವುದು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಕಷಾಯದಿಂದ ಗಂಟಲಿಗೆ ಹಿತವೆನಿಸಬಹುದು. ಆದರೆ ನುಂಗಿದ್ದು ಅನ್ನನಾಳಕ್ಕಿಳಿಯುವುದೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಗೊಗ್ಗರುದನಿ ಮೂರು ವಾರಕ್ಕಿಂತ ಹೆಚ್ಚು ಉಳಿದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಧ್ವನಿದೋಷಗಳಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಇಂತಹ ಗಂಟುಗಳು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಿಲ್ಲದೆ, ಧ್ವನಿಯ ಸರಿಯಾದ ಬಳಕೆಯ ಅಭ್ಯಾಸದಿಂದಲೇ ಕರಗುತ್ತವೆ.

ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ. ಮಗಳು ಚಿಕಿತ್ಸೆ ಪಡೆದು, ಕೆಲವು ವಾರ ಹಾಡು ನಿಲ್ಲಿಸಿದಳು. ತಂಡದವರೂ ಹಾರ್ಮೋನಿಯಂನ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದರು. ಈಗ ದಿನಕ್ಕೆ ಸ್ವಲ್ಪ ಹೊತ್ತು ಮೆಲ್ಲನೆ ಹಾಡುತ್ತಾಳಂತೆ, ದನಿ ತಿಳಿಯಾಗುತ್ತಿದೆಯಂತೆ.

ಪ್ರತಿವರ್ಷ ಸುತ್ತೂರು ಜಾತ್ರೆಯ ಭಜನಾ ಮೇಳಕ್ಕೆ ನಮ್ಮ ಸೀಮೆಯ ತಂಡಗಳು ಉತ್ಸಾಹದಿಂದ ಹೊರಡುತ್ತವೆ. ಆ ಉತ್ಸಾಹ ಇಮ್ಮಡಿಯಾಗಲಿ; ಆದರೆ ಕೊರಳು ನಲುಗದಿರಲಿ. ತಮ್ಮ ದೇಹವನ್ನೇ ವಾದ್ಯವಾಗಿಸೆಂದು ಬಸವಣ್ಣನವರು ಕೂಡಲಸಂಗಮದೇವನನ್ನು ಬೇಡಿದರು. ದೇವನ ಕೈಗೊಪ್ಪಿಸುವ ವಾದ್ಯದ ತಂತಿಯನ್ನು ನಾವೇ ಹರಿಯುವುದು ಭಕ್ತಿಯಾದೀತೇ?